ನಾಲ್ಕು ಗೆಲುವು, ಎಂಟು ಸೋಲು: 2016ರ ನಂತರ ನೋಟರ್ ಡೇಮ್ ತಂಡದ ಸಹಾಯಕ ತರಬೇತುದಾರರ ನೇಮಕ, ಒಂದು ಪ್ರಕರಣ ಅಧ್ಯಯನ

ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ನಗರಕ್ಕೆ ಹೊಂದಿಕೊಂಡಿರುವ ನೋಟರ್ ಡೇಮ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವು 2016ರ ಋತುವಿನಲ್ಲಿ ಹನ್ನೆರಡು ಪಂದ್ಯಗಳನ್ನಾಡಿ ನಾಲ್ಕನ್ನು ಗೆದ್ದು ಎಂಟನ್ನು ಸೋತಿತು. ಹಿಂದಿನ ವರ್ಷ ಇದೇ ತಂಡ ಹತ್ತು ಪಂದ್ಯ ಗೆದ್ದಿತ್ತು. 2012ರಲ್ಲಿ ಹನ್ನೆರಡಕ್ಕೆ ಹನ್ನೆರಡನ್ನೂ ಗೆದ್ದು ರಾಷ್ಟ್ರೀಯ ಫೈನಲ್ ತಲುಪಿತ್ತು. 2016ರ ಋತು ಆರಂಭವಾಗುವ ಮುನ್ನ ಅಸೋಸಿಯೇಟೆಡ್ ಪ್ರೆಸ್ ಪ್ರಕಟಿಸಿದ ಶ್ರೇಯಾಂಕ ಪಟ್ಟಿಯಲ್ಲಿ ಅದಕ್ಕೆ ಹತ್ತನೆಯ ಸ್ಥಾನವಿತ್ತು. ಇಂಥ ತಂಡ ಹೀಗೆ ಕುಸಿದಾಗ ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಸಾಮಾನ್ಯವಾಗಿ ಮುಖ್ಯ ತರಬೇತುದಾರನ ತಲೆದಂಡವಾಗುತ್ತದೆ. ಇಲ್ಲಿ ಹಾಗಾಗಲಿಲ್ಲ. ಮುಖ್ಯ ತರಬೇತುದಾರ ಬ್ರಯಾನ್ ಕೆಲಿ ತಮ್ಮ ಸ್ಥಾನದಲ್ಲಿಯೇ ಉಳಿದರು, ಅವರ ಸುತ್ತಲಿನ ಸಹಾಯಕರಲ್ಲಿ ಹೆಚ್ಚಿನವರು ಕೆಲವೇ ವಾರಗಳಲ್ಲಿ ಬದಲಾದರು. ಆ ಬದಲಾವಣೆ ಹೇಗೆ ನಡೆಯಿತು, ಯಾವ ಕೊರತೆಗೆ ಯಾರನ್ನು ತರಲಾಯಿತು, ಅದರಲ್ಲಿ ಯಾವುದು ಫಲ ಕೊಟ್ಟಿತು ಎಂಬುದನ್ನು ಈ ಬರಹ ಪರಿಶೀಲಿಸುತ್ತದೆ.

ಮೊದಲಿಗೆ ವ್ಯವಸ್ಥೆಯ ಕುರಿತು ಎರಡು ಮಾತು ಅಗತ್ಯ. ಇಲ್ಲಿ ಫುಟ್‌ಬಾಲ್ ಎಂದರೆ ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. ಇದರಲ್ಲಿ ಆಕ್ರಮಣಕ್ಕೆ ಹನ್ನೊಂದು ಮಂದಿ, ರಕ್ಷಣೆಗೆ ಬೇರೆಯೇ ಹನ್ನೊಂದು ಮಂದಿ. ಒದೆತ ಮತ್ತು ಅದರ ಮರುದಾಳಿಯ ಸಂದರ್ಭಗಳಿಗೆ ಸ್ಪೆಷಲ್ ಟೀಮ್ಸ್ ಎಂಬ ಮೂರನೆಯ ಗುಂಪು. ಆಕ್ರಮಣ ಮತ್ತು ರಕ್ಷಣೆಗೆ ತಲಾ ಒಬ್ಬ ಕೋಆರ್ಡಿನೇಟರ್ ಇರುತ್ತಾನೆ. ಪ್ರತಿ ಸಲ ಚೆಂಡು ಆಟಕ್ಕೆ ಬರುವ ಮುನ್ನ ಯಾವ ತಂತ್ರ ಆಡಬೇಕೆಂದು ಕರೆ ಕೊಡುವವನು ಸಾಮಾನ್ಯವಾಗಿ ಅವನೇ. ಅವನ ಕೆಳಗೆ ಒಂದೊಂದು ಸ್ಥಾನದ ಆಟಗಾರರಿಗೆ ಒಬ್ಬೊಬ್ಬ ತರಬೇತುದಾರ. ದೈಹಿಕ ಶಿಕ್ಷಣ ನಿರ್ದೇಶಕರೊಬ್ಬರೇ ಕಬಡ್ಡಿಯಿಂದ ಅಥ್ಲೆಟಿಕ್ಸ್‌ವರೆಗೆ ಎಲ್ಲವನ್ನೂ ನೋಡಿಕೊಳ್ಳುವ ನಮ್ಮ ಕಾಲೇಜುಗಳನ್ನು ಕಂಡವರಿಗೆ ಇದು ಅತಿಯೆನಿಸಬಹುದು. ಆದರೆ ಹದಿನೆಂಟರಿಂದ ಇಪ್ಪತ್ತೆರಡರ ವಯಸ್ಸಿನ ನೂರಕ್ಕೂ ಹೆಚ್ಚು ಹುಡುಗರಿರುವ ತಂಡದಲ್ಲಿ ಮುಖ್ಯ ತರಬೇತುದಾರ ಪ್ರತಿಯೊಬ್ಬನಿಗೂ ಕಲಿಸಲು ಸಾಧ್ಯವೇ ಇಲ್ಲ. ಆಟಗಾರನಿಗೆ ದಿನನಿತ್ಯ ಕಾಣಸಿಗುವ ಗುರು ಸಹಾಯಕನೇ. ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆ ಇಂಥ ಸಹಾಯಕರ ಸಂಖ್ಯೆಗೆ ಮಿತಿ ಹೇರಿತ್ತು. ಆಗ ಅದು ಒಂಬತ್ತಾಗಿತ್ತು, 2018ರ ಜನವರಿಯಿಂದ ಹತ್ತಾಯಿತು. ಕೈಯಲ್ಲಿರುವ ಸ್ಥಾನಗಳು ಕಡಿಮೆಯಾದ್ದರಿಂದ ಒಂದು ನೇಮಕ ತಪ್ಪಿದರೂ ಅದರ ಹೊಡೆತ ಒಂದಿಡೀ ಋತುವಿನ ಮೇಲೆ ಬೀಳುತ್ತದೆ.

ಕುಸಿತದ ಮೂಲ

ಈ ಕಥೆ ಶುರುವಾಗುವುದು 2016ರಲ್ಲಿ ಅಲ್ಲ, 2013ರ ಕೊನೆಯಲ್ಲಿ. 2012ರ ಅಜೇಯ ಋತುವಿನ ರಕ್ಷಣೆಯನ್ನು ಕಟ್ಟಿದ್ದ ಬಾಬ್ ಡಯಾಕೊ ಆಗ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಮುಖ್ಯ ತರಬೇತುದಾರರಾಗಿ ಹೋದರು. ಅವರ ಜಾಗಕ್ಕೆ ಕೆಲಿ 2014ರ ಜನವರಿಯಲ್ಲಿ ಬ್ರಯಾನ್ ವ್ಯಾನ್‌ಗಾರ್ಡರ್ ಅವರನ್ನು ತಂದರು. ಇಬ್ಬರೂ ಬಹಳ ಹಿಂದೆ ಮಿಷಿಗನ್‌ನ ಗ್ರ್ಯಾಂಡ್ ವ್ಯಾಲಿ ಸ್ಟೇಟ್ ತಂಡದಲ್ಲಿ ಜೊತೆಯಾಗಿ ಕೆಲಸ ಮಾಡಿದವರು. ವ್ಯಾನ್‌ಗಾರ್ಡರ್ ಅವರ ಅನುಭವ ಸಣ್ಣದೇನಲ್ಲ: ವೃತ್ತಿಪರ ಲೀಗ್‌ನ ಅಟ್ಲಾಂಟಾ ಫಾಲ್ಕನ್ಸ್ ತಂಡದ ರಕ್ಷಣೆಯನ್ನು ಅವರು ನಾಲ್ಕು ಋತುಗಳ ಕಾಲ ನಡೆಸಿದ್ದರು. ಹಳೆಯ ಪರಿಚಯ ಮತ್ತು ದೊಡ್ಡ ಹೆಸರು ಎರಡೂ ಕೂಡಿದ್ದರಿಂದ ಆ ನೇಮಕವನ್ನು ಆಗ ಹೆಚ್ಚಿನವರು ಪ್ರಶ್ನಿಸಲಿಲ್ಲ.

ಅವರು ತಂದ ರಕ್ಷಣಾ ಪದ್ಧತಿ ವೃತ್ತಿಪರ ಲೀಗ್‌ನದು. ಎದುರಾಳಿಯ ವ್ಯೂಹ ನೋಡಿ ಕೊನೆಯ ಕ್ಷಣದಲ್ಲಿ ಜಾಗ ಬದಲಿಸುವುದು, ಸಂದರ್ಭಕ್ಕೊಂದು ಆಟಗಾರರ ಗುಂಪನ್ನು ಕಣಕ್ಕಿಳಿಸುವುದು, ನಾನಾ ದಿಕ್ಕುಗಳಿಂದ ನುಗ್ಗುವುದು ಅದರ ಲಕ್ಷಣ. ವೃತ್ತಿಪರ ಆಟಗಾರನಿಗೆ ಅದನ್ನು ಕಲಿಯುವುದೇ ದಿನವಿಡೀ ಉದ್ಯೋಗ. ಕಾಲೇಜಿನ ಹುಡುಗನಿಗೆ ಋತುವಿನ ನಡುವೆ ವಾರಕ್ಕೆ ಇಪ್ಪತ್ತು ತಾಸಿಗಿಂತ ಹೆಚ್ಚು ಅಧಿಕೃತ ಅಭ್ಯಾಸ ಮಾಡಿಸುವಂತಿಲ್ಲವೆಂದು ಎನ್‌ಸಿಎಎ ನಿಯಮವಿದೆ. ಉಳಿದ ಹೊತ್ತು ತರಗತಿ, ಪ್ರಯೋಗಾಲಯ, ಪರೀಕ್ಷೆ. ನೋಟರ್ ಡೇಮ್ ಓದಿನ ವಿಷಯದಲ್ಲಿ ಸಡಿಲ ಬಿಡುವ ಸಂಸ್ಥೆಯೂ ಅಲ್ಲ. ಹೀಗಾಗಿ ಪದ್ಧತಿ ಕಾಗದದ ಮೇಲೆ ಎಷ್ಟು ಜಾಣತನದ್ದಾಗಿದ್ದರೂ, ಚೆಂಡು ಆಟಕ್ಕೆ ಬರುವ ಕ್ಷಣದಲ್ಲಿ ಹನ್ನೊಂದರಲ್ಲಿ ಒಬ್ಬಿಬ್ಬರು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅತ್ತಿತ್ತ ನೋಡುವ ದೃಶ್ಯ ಮತ್ತೆ ಮತ್ತೆ ಕಾಣಿಸಿತು.

2016ರ ಮೊದಲ ನಾಲ್ಕು ಪಂದ್ಯಗಳು ಇದನ್ನು ಬಯಲಿಗೆಳೆದವು. ಆಸ್ಟಿನ್‌ನಲ್ಲಿ ಟೆಕ್ಸಸ್ ಎದುರು ಎರಡು ಹೆಚ್ಚುವರಿ ಅವಧಿಗಳ ನಂತರ 50-47ರ ಸೋಲು. ನೆವಾಡಾ ವಿರುದ್ಧ 39-10ರ ಗೆಲುವು. ಮಿಷಿಗನ್ ಸ್ಟೇಟ್ ಎದುರು 36-28ರ ಸೋಲು. ಸೆಪ್ಟೆಂಬರ್ 24ರಂದು ತವರಿನಲ್ಲೇ ಡ್ಯೂಕ್ ಎದುರು 38-35ರ ಸೋಲು. ಡ್ಯೂಕ್ ಎದುರು ಸೋತ ಮರುದಿನವೇ ಕೆಲಿ ವ್ಯಾನ್‌ಗಾರ್ಡರ್ ಅವರನ್ನು ಕೆಲಸದಿಂದ ತೆಗೆದರು. ವಿಶ್ಲೇಷಕರಾಗಿದ್ದ ಗ್ರೆಗ್ ಹಡ್ಸನ್ ಅವರಿಗೆ ರಕ್ಷಣೆಯ ಹೊಣೆಯನ್ನು ತಾತ್ಕಾಲಿಕವಾಗಿ ವಹಿಸಲಾಯಿತು.

ಋತುವಿನ ನಡುವೆ ಕೋಆರ್ಡಿನೇಟರ್‌ನನ್ನು ತೆಗೆಯುವುದು ಆವೇಶದ ನಿರ್ಧಾರವೆಂದು ಟೀಕೆ ಬಂತು. ಅಂಕಗಳು ಬೇರೆಯೇ ಮಾತು ಹೇಳುತ್ತವೆ. ಆ ನಾಲ್ಕು ಪಂದ್ಯಗಳಲ್ಲಿ ತಂಡ ಬಿಟ್ಟುಕೊಟ್ಟದ್ದು 134 ಅಂಕ, ಪಂದ್ಯಕ್ಕೆ 33.5, ಉಳಿದ ಎಂಟರಲ್ಲಿ 200 ಅಂಕ, ಪಂದ್ಯಕ್ಕೆ 25. ಅದೇ ಆಟಗಾರರು, ಹೊಸ ಪದ್ಧತಿ ಕಲಿಸಲು ಸಮಯವಿಲ್ಲದ ತಾತ್ಕಾಲಿಕ ಉಸ್ತುವಾರಿ, ಸರಳಗೊಳಿಸಿದ ಕರೆಗಳು. ಇಷ್ಟರಿಂದಲೇ ಎಂಟೂವರೆ ಅಂಕ ಇಳಿಯುವುದಾದರೆ ಕೊರತೆ ಆಟಗಾರರ ಸಾಮರ್ಥ್ಯದಲ್ಲಿ ಇರಲಿಲ್ಲವೆಂದು ಊಹಿಸಲು ಅದು ಸಾಕಷ್ಟು ಬಲವಾದ ಕುರುಹು. ಮಳೆಯಲ್ಲಿ ನಡೆದ ಒಂದು ಪಂದ್ಯ ಸರಾಸರಿಯನ್ನು ತುಸು ತಗ್ಗಿಸಿತೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದರೂ ಹೊಸಬರನ್ನು ಹುಡುಕುವ ಹೊತ್ತಿಗೆ ಕೆಲಿ ಅವರ ಕೈಯಲ್ಲಿದ್ದ ಅತ್ಯಂತ ಉಪಯುಕ್ತ ಮಾಹಿತಿ ಇದೇ ಆಗಿತ್ತೆಂಬುದು ನನ್ನ ಅಭಿಪ್ರಾಯ.

ಸೋಲುಗಳನ್ನು ಓದುವ ಬಗೆ

ಎಂಟು ಸೋಲುಗಳಲ್ಲಿ ಏಳರ ಅಂತರ ಎಂಟು ಅಂಕ ಅಥವಾ ಅದಕ್ಕಿಂತ ಕಡಿಮೆ. ಡ್ಯೂಕ್ ಮತ್ತು ವರ್ಜೀನಿಯಾ ಟೆಕ್ ಎದುರು ಮೂರು ಅಂಕ, ನೌಕಾ ಅಕಾಡೆಮಿಯ ಎದುರು ಒಂದೇ ಅಂಕ. ದೊಡ್ಡ ಅಂತರದಲ್ಲಿ ಸೋತದ್ದು ಕೊನೆಯ ಪಂದ್ಯವೊಂದೇ, ಸದರ್ನ್ ಕ್ಯಾಲಿಫೋರ್ನಿಯಾ ಎದುರು 45-27. ಇಡೀ ಋತುವನ್ನು ಕೂಡಿಸಿದರೆ ಈ ತಂಡ ಗಳಿಸಿದ್ದು 371 ಅಂಕ, ಕೊಟ್ಟದ್ದು 334. ಅಂದರೆ ಎಂಟು ಪಂದ್ಯ ಸೋತ ತಂಡ ಎದುರಾಳಿಗಳಿಗಿಂತ 37 ಅಂಕ ಹೆಚ್ಚೇ ಗಳಿಸಿತ್ತು. ಇಂಥ ದಾಖಲೆಯನ್ನು ಎರಡು ರೀತಿಯಲ್ಲಿ ಓದಬಹುದು. ಅದೃಷ್ಟ ಕೈಕೊಟ್ಟಿತು, ಮುಂದಿನ ವರ್ಷ ತಾನಾಗಿ ಸರಿಹೋಗುತ್ತದೆ ಎನ್ನುವುದು ಒಂದು. ಪಂದ್ಯದ ಕೊನೆಯ ಹತ್ತು ನಿಮಿಷಗಳಲ್ಲಿ ತಂಡ ಪ್ರತಿ ಸಲವೂ ಸೋಲುತ್ತಿದೆಯೆಂದರೆ ಮೈಬಲದಲ್ಲೋ ಮನೋಬಲದಲ್ಲೋ ಸಣ್ಣ ವಿವರಗಳ ಅಭ್ಯಾಸದಲ್ಲೋ ಏನೋ ಕೊರತೆಯಿದೆ ಎನ್ನುವುದು ಇನ್ನೊಂದು. ನೋಟರ್ ಡೇಮ್ ಎರಡನೆಯ ಓದನ್ನು ಆರಿಸಿಕೊಂಡಿತು, ಅದಕ್ಕೆ ಕಾರಣವೂ ಇತ್ತು.

ಸ್ಪೆಷಲ್ ಟೀಮ್ಸ್ ವಿಭಾಗವನ್ನೇ ನೋಡಿ. ಡ್ಯೂಕ್ ಪಂದ್ಯದಲ್ಲಿ ಎದುರಾಳಿಯೊಬ್ಬ ಆರಂಭಿಕ ಒದೆತವನ್ನು ಹಿಡಿದು 96 ಗಜ ಓಡಿ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗಡಿ ದಾಟಿಸಿ ಪಡೆಯುವ ಆರು ಅಂಕ) ಗಳಿಸಿದ. ಮ್ಯಾಥ್ಯೂ ಚಂಡಮಾರುತದ ಮಳೆಯಲ್ಲಿ ನಡೆದ ನಾರ್ತ್ ಕೆರೊಲಿನಾ ಸ್ಟೇಟ್ ಪಂದ್ಯ 10-3ರಲ್ಲಿ ಮುಗಿಯಿತು. ಅದರ ಏಕೈಕ ಟಚ್‌ಡೌನ್ ಬಂದದ್ದು ನೋಟರ್ ಡೇಮ್‌ನ ಪಂಟ್ (ಮುನ್ನಡೆ ಸಾಧ್ಯವಾಗದೆ ಚೆಂಡನ್ನು ದೂರಕ್ಕೆ ಕಳಿಸುವ) ಒದೆತವನ್ನು ತಡೆದು ಚೆಂಡನ್ನು ಎತ್ತಿಕೊಂಡು ಓಡಿದ್ದರಿಂದ. ಕೊನೆಯ ಪಂದ್ಯದಲ್ಲಿ ಸದರ್ನ್ ಕ್ಯಾಲಿಫೋರ್ನಿಯಾದ ಅಡೋರಿ ಜಾಕ್ಸನ್ ಒಂದು ಪಂಟ್ ಮತ್ತು ಒಂದು ಆರಂಭಿಕ ಒದೆತ, ಎರಡನ್ನೂ ಟಚ್‌ಡೌನ್‌ಗೆ ತಿರುಗಿಸಿದರು. ಮೂರು ಅಂಕ, ಏಳು ಅಂಕಗಳಲ್ಲಿ ಸೋಲುವ ತಂಡಕ್ಕೆ ಇವು ಬಿಡಿ ಘಟನೆಗಳಲ್ಲ. ಈ ವಿಭಾಗವನ್ನು ಆಗ ನೋಡಿಕೊಳ್ಳುತ್ತಿದ್ದವರಿಗೆ ಟೈಟ್ ಎಂಡ್ (ಎದುರಾಳಿಯನ್ನು ತಡೆಯುವ, ಎಸೆತ ಹಿಡಿಯುವ ಎರಡೂ ಕೆಲಸದ) ಸ್ಥಾನದ ಆಟಗಾರರ ಹೊಣೆಯೂ ಇತ್ತು. ಅರ್ಧ ಹೊತ್ತಿನ ಗಮನಕ್ಕೆ ಅರ್ಧ ಫಲವೇ ಸಿಗುತ್ತದೆ.

ಸೋಲಿನ ಜೊತೆಗೆ ಅವಮಾನವೂ ಬಂತು. ವಿದ್ಯಾರ್ಥಿ ಸಹಾಯಕರೊಬ್ಬರು ಆಟಗಾರರಿಗೆ ಓದಿನಲ್ಲಿ ಅಕ್ರಮವಾಗಿ ನೆರವಾದ ಹಳೆಯ ಪ್ರಕರಣದಲ್ಲಿ ಎನ್‌ಸಿಎಎ 2016ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟು, 2012 ಮತ್ತು 2013ರ ಎಲ್ಲ 21 ಗೆಲುವುಗಳನ್ನೂ ದಾಖಲೆಯಿಂದ ಅಳಿಸಲು ಆದೇಶಿಸಿತು. ಇಷ್ಟೆಲ್ಲ ಆದಮೇಲೂ ಕ್ರೀಡಾ ನಿರ್ದೇಶಕ ಜಾಕ್ ಸ್ವಾರ್‌ಬ್ರಿಕ್ ಕೆಲಿ ಅವರನ್ನು ಉಳಿಸಿಕೊಂಡರು. ಆದರೆ ಕೆಲಸ ನಡೆಯುವ ರೀತಿ ಹಿಂದಿನಂತೆ ಇರಲಾಗದೆಂಬುದು ಎಲ್ಲರಿಗೂ ಸ್ಪಷ್ಟವಾಗಿತ್ತು.

ಯಾರು ಹೋದರು, ಯಾರು ಬಂದರು

ಹೋದವರೆಲ್ಲ ತೆಗೆದುಹಾಕಲ್ಪಟ್ಟವರಲ್ಲ. ಆಕ್ರಮಣದ ಕೋಆರ್ಡಿನೇಟರ್ ಮೈಕ್ ಸ್ಯಾನ್‌ಫರ್ಡ್ ವೆಸ್ಟರ್ನ್ ಕೆಂಟಕಿಯ ಮುಖ್ಯ ತರಬೇತುದಾರರಾದರು. ಕೆಲಿ ಅವರ ಬಹುಕಾಲದ ಒಡನಾಡಿ ಮೈಕ್ ಡೆನ್‌ಬ್ರಾಕ್ ಸಿನ್ಸಿನಾಟಿಗೆ ಹೊರಟರು. ಅನೇಕ ವರ್ಷಗಳಿಂದ ದೇಹದಾರ್ಢ್ಯ ತರಬೇತಿ ನೋಡಿಕೊಳ್ಳುತ್ತಿದ್ದ ಪಾಲ್ ಲಾಂಗೊ ಕೂಡ ಉಳಿಯಲಿಲ್ಲ. ಆಕ್ರಮಣ ಸಾಲಿನ ತರಬೇತುದಾರ ಹ್ಯಾರಿ ಹೀಸ್ಟಂಡ್ ಅವರನ್ನು ಮಾತ್ರ ಮುಟ್ಟದೆ ಬಿಟ್ಟದ್ದು ವಿವೇಕದ ಕೆಲಸ. ಅವರ ಶಿಷ್ಯರಾದ ಕ್ವೆಂಟನ್ ನೆಲ್ಸನ್ ಮತ್ತು ಮೈಕ್ ಮೆಗ್ಲಿಂಚಿ ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ 2018ರ ಡ್ರಾಫ್ಟ್‌ನಲ್ಲಿ ಆರನೆಯ ಮತ್ತು ಒಂಬತ್ತನೆಯ ಆಯ್ಕೆಗಳಾದರು. ಎಲ್ಲವನ್ನೂ ಬದಲಿಸಬೇಕೆಂಬ ಒತ್ತಡದ ನಡುವೆ ಸರಿಯಾಗಿರುವುದನ್ನು ಗುರುತಿಸಿ ಉಳಿಸಿಕೊಳ್ಳುವುದು ಕಡಿಮೆ ಕಷ್ಟದ್ದೇನಲ್ಲ. ರಕ್ಷಣಾ ಮುಂಚೂಣಿಯ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ಗಳನ್ನು ನೋಡಿಕೊಳ್ಳುತ್ತಿದ್ದ ಮೈಕ್ ಎಲ್ಸ್ಟನ್ ಅವರನ್ನೂ ಉಳಿಸಿಕೊಂಡು, ಅವರಿಗೆ ಮೊದಲಿನಿಂದಲೂ ಒಗ್ಗಿದ್ದ ರಕ್ಷಣಾ ಮುಂಚೂಣಿಯ ಹೊಣೆಗೆ ಮರಳಿಸಲಾಯಿತು.

ಡಿಸೆಂಬರ್ ಮತ್ತು ಜನವರಿಯ ನಡುವೆ ಬಂದವರಲ್ಲಿ ಮೊದಲ ಹೆಸರು ಮೈಕ್ ಎಲ್ಕೊ ಅವರದು. ಅವರು ವೇಕ್ ಫಾರೆಸ್ಟ್ ಎಂಬ ಸಣ್ಣ ಖಾಸಗಿ ವಿಶ್ವವಿದ್ಯಾಲಯದ ರಕ್ಷಣಾ ಕೋಆರ್ಡಿನೇಟರ್. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಆಡಿ, ಫೋರ್ಡಮ್, ಹಾಫ್‌ಸ್ಟ್ರಾ, ಬೌಲಿಂಗ್ ಗ್ರೀನ್‌ನಂಥ ಹೆಚ್ಚು ಸುದ್ದಿಯಾಗದ ತಂಡಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದವರು. ಕೆಲಿ ಅವರ ಜೊತೆ ಒಂದು ದಿನವೂ ಕೆಲಸ ಮಾಡಿರಲಿಲ್ಲ. ಇಲ್ಲಿ ವ್ಯಾನ್‌ಗಾರ್ಡರ್ ನೇಮಕಕ್ಕೂ ಎಲ್ಕೊ ನೇಮಕಕ್ಕೂ ಇರುವ ಅಂತರ ಕಣ್ಣಿಗೆ ಹೊಡೆಯುತ್ತದೆ. ಮೊದಲನೆಯದರಲ್ಲಿ ಹಳೆಯ ಸ್ನೇಹ ಮತ್ತು ವೃತ್ತಿಪರ ಲೀಗ್‌ನ ಪ್ರತಿಷ್ಠೆಯಿದ್ದವು. ಎರಡನೆಯದರಲ್ಲಿ ಇದ್ದದ್ದು ಕೇವಲ ಕೆಲಸದ ಸಾಕ್ಷ್ಯ: ದೇಶದ ದೊಡ್ಡ ತಂಡಗಳು ಬಯಸುವಂಥ ಹುಡುಗರು ಸಿಗದ ಕಡೆಯಲ್ಲಿ, ಸಿಕ್ಕ ಹುಡುಗರಿಗೇ ತಿಳಿಯುವಂತೆ ಕಲಿಸಿ ಗಟ್ಟಿಯಾದ ರಕ್ಷಣೆ ಕಟ್ಟಿದ್ದು. ಸರಳಗೊಳಿಸಿದರೆ ಸುಧಾರಿಸುತ್ತದೆ ಎಂಬ ಅಕ್ಟೋಬರ್, ನವೆಂಬರ್‌ಗಳ ಪಾಠಕ್ಕೆ ಇದು ನೇರವಾಗಿ ಹೊಂದುವ ಆಯ್ಕೆ. ಅವರ ಪದ್ಧತಿಯಲ್ಲಿ ಮುಂಚೂಣಿಗೆ ನಾಲ್ವರು, ಲೈನ್‌ಬ್ಯಾಕರ್‌ಗಳು ಇಬ್ಬರು, ಹಿಂದೆ ಐವರು. ಆ ಐವರಲ್ಲಿ ಒಬ್ಬ ರೋವರ್ ಎಂಬ ಹೆಸರಿನಲ್ಲಿ ಓಟವನ್ನೂ ಎಸೆತವನ್ನೂ ಎದುರಿಸಬಲ್ಲ ಮಧ್ಯವರ್ತಿ. ಎಲ್ಲರಿಗಿಂತ ಹಿಂದೆ ನಿಂತು ಕಾಯುವ ಸೇಫ್ಟಿಯಾಗಿ ಆಡುತ್ತಿದ್ದ ಡ್ರೂ ಟ್ರಾಂಕ್ವಿಲ್ ಅವರಿಗೆ ಈ ಹೊಸ ಸ್ಥಾನ ಚೆನ್ನಾಗಿ ಕೂಡಿಬಂತು. ಪದ್ಧತಿಗೆ ತಕ್ಕ ಆಟಗಾರನನ್ನು ಮೂರು ವರ್ಷ ಕಾದು ತರುವ ಬದಲು ಇದ್ದ ಆಟಗಾರನಿಗೆ ತಕ್ಕ ಜಾಗ ತೋರಿಸಿದ್ದು ಇದರ ವಿಶೇಷ.

ಎಲ್ಕೊ ಅವರ ಜೊತೆ ವೇಕ್ ಫಾರೆಸ್ಟ್‌ನಿಂದಲೇ ಕ್ಲಾರ್ಕ್ ಲೀ ಎಂಬ ಲೈನ್‌ಬ್ಯಾಕರ್ ತರಬೇತುದಾರರೂ ಬಂದರು. ಆಗ ಪತ್ರಿಕೆಗಳಲ್ಲಿ ಅವರ ಬಗ್ಗೆ ಬಂದದ್ದು ಒಂದೆರಡು ಸಾಲು. ಈ ಪ್ರಕರಣದ ಅತಿ ಮುಖ್ಯ ನೇಮಕ ಅದೇ ಎಂದು ನಾನು ವಾದಿಸುತ್ತೇನೆ. ಕಾರಣ ಮುಂದೆ ಬರುತ್ತದೆ.

ಆಕ್ರಮಣಕ್ಕೆ ಚಿಪ್ ಲಾಂಗ್ ಬಂದರು. ಮೆಂಫಿಸ್ ತಂಡದಲ್ಲಿ ಅವರು ಕೋಆರ್ಡಿನೇಟರ್ ಆಗಿ ಕಳೆದದ್ದು ಒಂದೇ ವರ್ಷ. ಅದಕ್ಕೆ ಮುಂಚೆ ಅರಿಜೋನಾ ಸ್ಟೇಟ್‌ನಲ್ಲಿ ಟೈಟ್ ಎಂಡ್ ತರಬೇತುದಾರರು. ಅಲ್ಲಿ ಅವರ ಸಹೋದ್ಯೋಗಿಯಾಗಿದ್ದ ಡೆಲ್ವಾನ್ ಅಲೆಕ್ಸಾಂಡರ್ ಅವರನ್ನು ಎಸೆದ ಚೆಂಡು ಹಿಡಿಯುವ ರಿಸೀವರ್‌ಗಳ ತರಬೇತುದಾರರನ್ನಾಗಿ ತರಲಾಯಿತು. ಹೀಗೆ ಎರಡೂ ಕಡೆ ಒಬ್ಬರಿಗೊಬ್ಬರು ಪರಿಚಿತರಾದ ಜೋಡಿಗಳು ಬಂದವು. ಆಗಿನ ಕಾಲಪಟ್ಟಿಯನ್ನು ನೆನೆದರೆ ಇದರ ಲಾಭ ತಿಳಿಯುತ್ತದೆ. ಪ್ರೌಢಶಾಲೆಯ ಹುಡುಗರು ಕಾಲೇಜಿಗೆ ಸಹಿ ಹಾಕುವ ದಿನ ಫೆಬ್ರವರಿ ಮೊದಲ ದಿನಗಳಲ್ಲಿ; ಸೋತ ತಂಡಕ್ಕೆ ಮಾತು ಕೊಟ್ಟಿದ್ದ ಹುಡುಗರನ್ನು ಬೇರೆ ತಂಡಗಳು ಸೆಳೆಯಲು ಯತ್ನಿಸುವ ಹೊತ್ತು ಅದು. ಹೊಸ ಸಹಾಯಕನು ಬಂದ ವಾರವೇ ಊರೂರು ತಿರುಗಿ ತನ್ನನ್ನು ಎಂದೂ ನೋಡದ ತಂದೆತಾಯಿಗಳ ಮುಂದೆ ಕೂತು ಭರವಸೆ ಕೊಡಬೇಕು. ಮಾರ್ಚ್ ಹೊತ್ತಿಗೆ ವಸಂತದ ಅಭ್ಯಾಸ ಶುರು. ಇಂಥಲ್ಲಿ ಸಹಾಯಕರು ಪರಸ್ಪರರ ಪರಿಭಾಷೆಯನ್ನು ಕಲಿಯುತ್ತ ಕೂರಲು ಬಿಡುವಿರುವುದಿಲ್ಲ.

ಲಾಂಗ್ ನೇಮಕದಲ್ಲಿ ಇನ್ನೊಂದು ಸಂಗತಿ ಅಡಗಿದೆ. ಕೆಲಿ ಆಕ್ರಮಣದ ಗರಡಿಯಲ್ಲೇ ಬೆಳೆದವರು. 2016ರಲ್ಲಿ ಕರೆ ಕೊಡುವ ಕೆಲಸದಲ್ಲಿ ಅವರ ಕೈಯೂ ಇತ್ತು. 2017ರಲ್ಲಿ ಅವರು ಆ ಅಧಿಕಾರವನ್ನು ಲಾಂಗ್ ಅವರಿಗೆ ಬಿಟ್ಟುಕೊಟ್ಟರು. ಕೋಆರ್ಡಿನೇಟರ್ ಎಂಬ ಹುದ್ದೆ ಕೊಟ್ಟು ಕರೆಗಳನ್ನು ತಾವೇ ಇಟ್ಟುಕೊಂಡರೆ, ಸಮರ್ಥನಾದವನು ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ. ಹೀಗೆ ಉಳಿದ ಸಮಯವನ್ನು ಆಟಗಾರರಿಗೆ ಕೊಡುವುದಾಗಿ ಕೆಲಿ ಬಹಿರಂಗವಾಗಿಯೇ ಹೇಳಿದರು. ಋತು ಮುಗಿದ ಮೇಲೆ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿದ್ದರು. ತಾವು ಅವರಿಂದ ದೂರವಾಗಿದ್ದೇವೆಂಬುದು ಅಲ್ಲಿ ಅವರಿಗೆ ಗೊತ್ತಾಯಿತು. ಚಂಡಮಾರುತದ ಪಂದ್ಯದ ನಂತರ ಚೆಂಡು ಕೊಡುವ ಆಟಗಾರನ ಕೆಲಸವನ್ನು ಪತ್ರಕರ್ತರ ಮುಂದೆ ಕಟುವಾಗಿ ಹಳಿದಿದ್ದ ತರಬೇತುದಾರನಿಗೆ ಈ ತಿಳಿವಳಿಕೆ ತಡವಾಗಿಯೇ ಬಂತೆನ್ನಬೇಕು.

ಸ್ಪೆಷಲ್ ಟೀಮ್ಸ್ ಹೊಣೆ ಬ್ರಯಾನ್ ಪೋಲಿಯನ್ ಅವರಿಗೆ. ನೋಟರ್ ಡೇಮ್ 2016ರಲ್ಲಿ ಗೆದ್ದ ನಾಲ್ಕೇ ಪಂದ್ಯಗಳಲ್ಲಿ ಒಂದರ ಎದುರಾಳಿಯಾದ ನೆವಾಡಾದ ಮುಖ್ಯ ತರಬೇತುದಾರರಾಗಿದ್ದವರು ಇವರೇ. ಅದಕ್ಕೂ ಮೊದಲು, 2005ರಿಂದ 2009ರವರೆಗೆ, ಚಾರ್ಲಿ ವೈಸ್ ಅವರ ಕಾಲದಲ್ಲಿ ಇದೇ ವಿಶ್ವವಿದ್ಯಾಲಯದಲ್ಲಿ ಸಹಾಯಕರಾಗಿದ್ದರು. ಹಾಗಾಗಿ ಸಂಸ್ಥೆಯ ಪ್ರವೇಶ ನಿಯಮಗಳ ಬಿಗಿಯನ್ನೂ ಯಾವ ಬಗೆಯ ಹುಡುಗ ಇಲ್ಲಿ ಒಗ್ಗುತ್ತಾನೆಂಬುದನ್ನೂ ಬಲ್ಲವರಾಗಿದ್ದರು. ನಾಲ್ಕು ವರ್ಷ ಮುಖ್ಯ ತರಬೇತುದಾರನ ಕುರ್ಚಿಯಲ್ಲಿ ಕೂತು ಬಂದವರು ಸಹಾಯಕರ ಸಾಲಿನಲ್ಲಿದ್ದರೆ, ಮುಖ್ಯಸ್ಥನಿಗೆ ಅಪ್ರಿಯವಾದ ಮಾತನ್ನು ಹೇಳಬಲ್ಲವರೊಬ್ಬರು ಸಿಕ್ಕಂತಾಗುತ್ತದೆ.

ಆಕ್ರಮಣವನ್ನು ಮುನ್ನಡೆಸಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗಳಿಗೆ ಟಾಮಿ ರೀಸ್ ಬಂದರು. 2010ರಿಂದ 2013ರವರೆಗೆ ಇದೇ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದವರು, ವಯಸ್ಸು ಮೂವತ್ತನ್ನೂ ಮುಟ್ಟಿರಲಿಲ್ಲ. ಹೊಸ ಆರು ಮಂದಿಯಲ್ಲಿ ಕೆಲಿ ಅವರ ಹಳೆಯ ವಲಯದಿಂದ ಬಂದವರು ಇವರೊಬ್ಬರೇ, ಅದೂ ಶಿಷ್ಯನಾಗಿ.

ಸಹಾಯಕರ ಅಧಿಕೃತ ಮಿತಿಗೆ ಸೇರದ ಒಂದು ನೇಮಕವನ್ನು ಇಲ್ಲಿ ಬಿಡಲಾಗದು. ದೇಹದಾರ್ಢ್ಯ ವಿಭಾಗಕ್ಕೆ ಕನೆಕ್ಟಿಕಟ್‌ನಿಂದ ಮ್ಯಾಟ್ ಬೇಲಿಸ್ ಬಂದರು. ಎನ್‌ಸಿಎಎ ನಿಯಮಗಳಂತೆ ಚಳಿಗಾಲದಲ್ಲಿ ಇತರ ತರಬೇತುದಾರರು ಆಟಗಾರರೊಂದಿಗೆ ಕಳೆಯಬಹುದಾದ ಸಮಯ ಅತ್ಯಲ್ಪ; ಜನವರಿಯಿಂದ ಆಗಸ್ಟ್‌ವರೆಗೆ ಹುಡುಗರು ಹೆಚ್ಚಾಗಿ ಕಾಣುವುದು ವ್ಯಾಯಾಮ ಶಾಲೆಯವರನ್ನೇ. ಬೇಲಿಸ್ ಹುಡುಗರನ್ನು ಸಣ್ಣ ಗುಂಪುಗಳಾಗಿ ವಿಂಗಡಿಸಿ, ಗುಂಪಿಗೊಬ್ಬ ಆಟಗಾರನನ್ನೇ ನಾಯಕನನ್ನಾಗಿಸಿ, ಬೆಳಗಿನ ಕಠಿಣ ವ್ಯಾಯಾಮವನ್ನು ಅಂಕಗಳ ಪೈಪೋಟಿಯನ್ನಾಗಿ ಮಾರ್ಪಡಿಸಿದರು. ಒಬ್ಬ ತಡವಾಗಿ ಬಂದರೆ ನಷ್ಟ ಗುಂಪಿಗೆ. ಕೊನೆಯ ಹತ್ತು ನಿಮಿಷಗಳಲ್ಲಿ ಸೋಲುತ್ತಿದ್ದ ತಂಡದ ಕೊರತೆಗೆ ನೇರ ಉತ್ತರವೆಂದರೆ ಕೋಆರ್ಡಿನೇಟರ್‌ಗಳಿಗಿಂತ ಹೆಚ್ಚಾಗಿ ಈ ನೇಮಕವೇ.

2017: ಸಿಕ್ಕಿದ್ದೆಷ್ಟು

2017ರಲ್ಲಿ ತಂಡ ಹದಿಮೂರು ಪಂದ್ಯಗಳಲ್ಲಿ ಹತ್ತನ್ನು ಗೆದ್ದಿತು. ಕೊಟ್ಟ ಅಂಕಗಳ ಸರಾಸರಿ 27.8ರಿಂದ 21.5ಕ್ಕೆ ಇಳಿಯಿತು, ಗಳಿಸಿದ್ದು 30.9ರಿಂದ 34.2ಕ್ಕೆ ಏರಿತು. ಹಿಂದಿನ ವರ್ಷದ ಕ್ವಾರ್ಟರ್‌ಬ್ಯಾಕ್ ಡಿಶಾನ್ ಕೈಜರ್ ವೃತ್ತಿಪರ ಲೀಗ್‌ಗೆ ಹೋಗಿ, ಹೊಸಬ ಬ್ರ್ಯಾಂಡನ್ ವಿಂಬುಶ್ ಆಡಿದ ವರ್ಷದಲ್ಲಿ ಆಕ್ರಮಣ ಸುಧಾರಿಸಿದ್ದು ಗಮನಾರ್ಹ. ಎಸೆತಕ್ಕಿಂತ ಓಟವನ್ನು ನೆಚ್ಚಿ, ಹೀಸ್ಟಂಡ್ ಕಟ್ಟಿದ್ದ ಮುಂಚೂಣಿಯ ಹಿಂದೆ ಜಾಶ್ ಆಡಮ್ಸ್ ಅವರನ್ನು ಓಡಿಸುವ ಲಾಂಗ್ ಅವರ ತೀರ್ಮಾನ ಇದರ ಹಿಂದಿತ್ತು. ತಂಡ ಆ ವರ್ಷ ಪಂದ್ಯಕ್ಕೆ ಸರಾಸರಿ 269 ಗಜ ಓಡಿತು.

ನಿಕಟ ಪಂದ್ಯಗಳ ಅದೃಷ್ಟ ತಿರುಗಿದ್ದರಿಂದಲೇ ಇದೆಲ್ಲ ಆಯಿತೆಂಬ ವಾದವನ್ನು ಇಲ್ಲಿ ಪರೀಕ್ಷಿಸಬಹುದು. ಹತ್ತು ಗೆಲುವುಗಳಲ್ಲಿ ಏಳು ಇಪ್ಪತ್ತು ಅಥವಾ ಹೆಚ್ಚು ಅಂಕಗಳ ಅಂತರದವು. ಸದರ್ನ್ ಕ್ಯಾಲಿಫೋರ್ನಿಯಾವನ್ನು 49-14ರಲ್ಲಿ, ಮಿಷಿಗನ್ ಸ್ಟೇಟ್ ಅನ್ನು 38-18ರಲ್ಲಿ ಸೋಲಿಸಿದ್ದು ಅವುಗಳಲ್ಲಿ ಸೇರಿದೆ. ಋತುವಿನ ಒಟ್ಟು ಅಂಕಗಳ ಅಂತರ 37ರಿಂದ 166ಕ್ಕೆ ಏರಿತು. ನಿಕಟವಾಗಿ ಸೋಲುತ್ತಿದ್ದ ತಂಡ ನಿಕಟವಾಗಿ ಗೆಲ್ಲತೊಡಗಿದ್ದರೆ ಅದೃಷ್ಟದ ವಾದಕ್ಕೆ ಬಲವಿರುತ್ತಿತ್ತು; ಇಲ್ಲಿ ಪಂದ್ಯಗಳೇ ನಿಕಟವಾಗುವುದು ಕಡಿಮೆಯಾಯಿತು. ಜಾರ್ಜಿಯಾ ಎದುರು 20-19ರಲ್ಲಿ ಸೋತದ್ದನ್ನು ನೋಡಿದರೆ ಒಂದಂಕದ ಸೋಲು ಆ ವರ್ಷವೂ ಬೆನ್ನು ಬಿಟ್ಟಿರಲಿಲ್ಲ.

ಎಲ್ಕೊ ಪವಾಡಪುರುಷರೇನೂ ಆಗಿರಲಿಲ್ಲ. ನವೆಂಬರ್‌ನಲ್ಲಿ ಅವರ ಹಳೆಯ ತಂಡ ವೇಕ್ ಫಾರೆಸ್ಟ್ ಸೋತರೂ 37 ಅಂಕ ಗಳಿಸಿತು. ಮುಂದಿನ ವಾರ ಮಯಾಮಿಯಲ್ಲಿ ತಂಡ 41-8ರಲ್ಲಿ ಸೋತು, ರಾಷ್ಟ್ರೀಯ ಪ್ರಶಸ್ತಿಗಾಗಿ ನಡೆಯುವ ಪ್ಲೇಆಫ್‌ನ ಆಸೆಯನ್ನು ಅಲ್ಲೇ ಬಿಟ್ಟು ಬಂತು. ಸ್ಟ್ಯಾನ್‌ಫರ್ಡ್ ಎದುರು 38-20ರ ಸೋಲು. ವರ್ಷದ ಕೊನೆಯಲ್ಲಿ ಬಳಲುವ ಹಳೆಯ ಚಾಳಿ ಪೂರ್ತಿ ಹೋಗಿರಲಿಲ್ಲ. 2018ರ ಜನವರಿ 1ರಂದು ವರ್ಷಾಂತ್ಯದ ಆಹ್ವಾನ ಪಂದ್ಯವಾದ ಸಿಟ್ರಸ್ ಬೌಲ್‌ನಲ್ಲಿ ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್) ತಂಡವನ್ನು 21-17ರಲ್ಲಿ ಮಣಿಸಿ ಋತು ಮುಗಿಯಿತು.

ಒಂದೇ ವರ್ಷಕ್ಕೆ ಹೋದ ಕೋಆರ್ಡಿನೇಟರ್

ಆ ಗೆಲುವಿನ ಬೆನ್ನಲ್ಲೇ ಎಲ್ಕೊ ಟೆಕ್ಸಸ್ ಎ ಅಂಡ್ ಎಂ ತಂಡಕ್ಕೆ ಹೊರಟರು. ಹೀಸ್ಟಂಡ್ ಕೂಡ ವೃತ್ತಿಪರ ಲೀಗ್‌ನ ಶಿಕಾಗೊ ಬೇರ್ಸ್ ಸೇರಿದರು. ಯಶಸ್ವಿಯಾದ ಸಹಾಯಕನನ್ನು ಹೆಚ್ಚು ಹಣವಿರುವ ತಂಡ ಸೆಳೆಯುವುದು ಈ ಕ್ಷೇತ್ರದಲ್ಲಿ ನಿತ್ಯದ ಸಂಗತಿ. ಒಳ್ಳೆಯ ನೇಮಕ ಮಾಡಿದ ತಂಡಕ್ಕೆ ಅದೇ ದಂಡ. ಹೊರಗಿನಿಂದ ನೋಡುವವರಿಗೆ ಆಗ ಎಲ್ಲ ಮತ್ತೆ ಮೊದಲಿನಿಂದ ಶುರುವಾಗಬೇಕೆನಿಸಿತು.

ಹಾಗಾಗಲಿಲ್ಲ. ಕೆಲಿ ಹೊರಗೆ ಹುಡುಕಲು ಹೋಗದೆ ಕ್ಲಾರ್ಕ್ ಲೀ ಅವರಿಗೆ ಬಡ್ತಿ ಕೊಟ್ಟರು. ಪರಿಭಾಷೆ, ಕರೆಗಳು, ವ್ಯೂಹ ಎಲ್ಲ ಹಾಗೆಯೇ ಉಳಿದವು. ಆಟಗಾರರು ಮೂರನೆಯ ಪದ್ಧತಿ ಕಲಿಯಬೇಕಾಗಲಿಲ್ಲ. ವೃತ್ತಿಪರ ಲೀಗ್‌ಗೆ ಹೋಗಬಹುದಾಗಿದ್ದ ಜೆರಿ ಟಿಲರಿ, ಟೇವಾನ್ ಕೋನಿ ಮತ್ತು ಟ್ರಾಂಕ್ವಿಲ್ ಇನ್ನೊಂದು ವರ್ಷ ಆಡಲು ಉಳಿದರು. 2018ರಲ್ಲಿ ರಕ್ಷಣೆ ಬಿಟ್ಟುಕೊಟ್ಟ ಸರಾಸರಿ 18.2 ಅಂಕ, ಎಲ್ಕೊ ಅವರ ವರ್ಷಕ್ಕಿಂತಲೂ ಮೂರು ಅಂಕ ಕಡಿಮೆ. ತಂಡ ಹನ್ನೆರಡಕ್ಕೆ ಹನ್ನೆರಡನ್ನೂ ಗೆದ್ದು ಪ್ಲೇಆಫ್ ತಲುಪಿ, ಕಾಟನ್ ಬೌಲ್‌ನಲ್ಲಿ ಕ್ಲೆಮ್‌ಸನ್ ಎದುರು 30-3ರಲ್ಲಿ ಸೋತಿತು.

ಇದನ್ನು ಮೊದಲೇ ಯೋಜಿಸಿದ್ದರೆಂದು ನಾನು ಹೇಳುತ್ತಿಲ್ಲ. ಆದರೆ ಸಹಾಯಕರ ನೇಮಕವನ್ನು ಅಳೆಯುವಾಗ ಕೋಆರ್ಡಿನೇಟರ್‌ನ ಹೆಸರಿಗಷ್ಟೇ ಕಣ್ಣಿಡುವುದು ಎಷ್ಟು ಅಪೂರ್ಣವೆಂಬುದು ಇಲ್ಲಿ ಸ್ಪಷ್ಟ. ಎಲ್ಕೊ ಒಬ್ಬರೇ ಬಂದಿದ್ದು, ಉಳಿದ ಸ್ಥಾನಗಳನ್ನು ಬೇರೆ ಬೇರೆ ಪದ್ಧತಿಯವರಿಂದ ತುಂಬಿದ್ದರೆ, ಅವರ ಜೊತೆ ಅವರ ಕೆಲಸವೂ ಹೋಗುತ್ತಿತ್ತು. ಆಕ್ರಮಣದ ಕಡೆಯೂ ಇದೇ ನಡೆಯಿತು: 2019ರ ಡಿಸೆಂಬರ್‌ನಲ್ಲಿ ಲಾಂಗ್ ತಂಡದಿಂದ ಬೇರ್ಪಟ್ಟಾಗ ಅಯೋವಾ ಸ್ಟೇಟ್ ಎದುರಿನ ಬೌಲ್ ಪಂದ್ಯದಲ್ಲಿ ಕರೆ ಕೊಟ್ಟದ್ದು ರೀಸ್, ಗೆಲುವು 33-9. ಮರುವರ್ಷ ಅವರೇ ಕೋಆರ್ಡಿನೇಟರ್ ಆದರು, ತಂಡ ಮತ್ತೊಮ್ಮೆ ಪ್ಲೇಆಫ್‌ಗೆ ಹೋಯಿತು. 2017ರ ಆರಂಭದಲ್ಲಿ ಕೆಳಗಿನ ಸಾಲಿನಲ್ಲಿ ಸೇರಿದ ಇಬ್ಬರು 2020ರ ಹೊತ್ತಿಗೆ ಎರಡೂ ವಿಭಾಗಗಳನ್ನು ನಡೆಸುತ್ತಿದ್ದರು.

2017ರಿಂದ 2021ರ ನವೆಂಬರ್‌ವರೆಗೆ ಕೆಲಿ ಅವರ ಅಡಿಯಲ್ಲಿ ತಂಡ 54 ಪಂದ್ಯ ಗೆದ್ದು 9ನ್ನು ಸೋತಿತು. ಇದರಲ್ಲಿ ಎಷ್ಟು ಪಾಲು ಹೊಸ ಸಹಾಯಕರದು, ಎಷ್ಟು ಕೆಲಿ ತಾವೇ ಬದಲಾದದ್ದರದು ಎಂದು ಬೇರ್ಪಡಿಸುವುದು ಸುಲಭವಲ್ಲ, ಏಕೆಂದರೆ ಎರಡೂ ಒಂದೇ ಚಳಿಗಾಲದಲ್ಲಿ ನಡೆದವು. ಹೋಲಿಕೆಗೆ ಒಂದು ಉದಾಹರಣೆ ಮಾತ್ರ ಇದೆ. ಎಲ್‌ಎಸ್‌ಯು ತಂಡದ ಮುಖ್ಯ ತರಬೇತುದಾರರಾದ ಮೇಲೆ, 2023ರಲ್ಲಿ ಹತ್ತು ಗೆದ್ದು ಮೂರು ಸೋತರೂ ರಕ್ಷಣೆ ಸೋರುತ್ತಿದೆಯೆಂದು, ಕೆಲಿ 2024ರ ಜನವರಿಯಲ್ಲಿ ಕೋಆರ್ಡಿನೇಟರ್ ಮ್ಯಾಟ್ ಹೌಸ್ ಮತ್ತು ಅವರ ಜೊತೆಗಾರರನ್ನು ತೆಗೆದು, ಮಿಜೂರಿಯಿಂದ ಬ್ಲೇಕ್ ಬೇಕರ್ ಅವರನ್ನು ಕರೆತಂದರು. ಮುಂದಿನ ಋತುವಿನ ದಾಖಲೆ ಒಂಬತ್ತು ಗೆಲುವು, ನಾಲ್ಕು ಸೋಲು. 2023ರಲ್ಲಿ ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದ ಕ್ವಾರ್ಟರ್‌ಬ್ಯಾಕ್ ಜೇಡನ್ ಡೇನಿಯಲ್ಸ್ 2024ರಲ್ಲಿ ತಂಡದಲ್ಲಿ ಉಳಿದಿರಲಿಲ್ಲವೆಂಬುದನ್ನು ಗಮನಿಸಬೇಕು. ಸಹಾಯಕರನ್ನು ಬದಲಿಸಿದರೂ ಆಟಗಾರರಲ್ಲಿ ಆದ ನಷ್ಟವನ್ನು ಅದು ತುಂಬಿಕೊಡಲಿಲ್ಲ. 2016ರ ನೋಟರ್ ಡೇಮ್‌ನಲ್ಲಿ ನೆಲ್ಸನ್, ಮೆಗ್ಲಿಂಚಿ, ಟ್ರಾಂಕ್ವಿಲ್, ಟಿಲರಿ ಆಗಲೇ ಸಿದ್ಧವಾಗಿದ್ದರು. ಬಂದವರ ಕೆಲಸ ಅವರಿಗೆ ಅರ್ಥವಾಗುವಂತೆ ಕಲಿಸುವುದಾಗಿತ್ತು.